ಕೋಟು ಹಾಕಿ ತೆಗೆಸಿದ ಪಟ

ಹೊಸಹಳ್ಳಿಯ ದೊಡ್ಡಹನುಮಯ್ಯನಿಗೆ ಓದು ಬರಹ ಗೊತ್ತಿಲ್ಲ. ಆದರೆ ಇಂಗ್ಲಿಷಿನಲ್ಲಿ ಕೆತ್ತಿದ ಒಂದು ಊರಿನ ಹೆಸರನ್ನು ಮಾತ್ರ ಅವನು ಕಣ್ಣು ಮುಚ್ಚಿ ಬೆರಳಾಡಿಸಿಯೇ ಗುರುತಿಸಬಲ್ಲವನಾಗಿದ್ದ. ಬಿನ್ನಿಪೇಟೆಯ ಮಿಲ್ಲಿನಲ್ಲಿ ಅವನು ಮಗ್ಗದ ಮೇಸ್ತ್ರಿ. ಅಲ್ಲಿನ ಪ್ರತಿ ಮಗ್ಗಕ್ಕೂ ಒಂದು ಹಿತ್ತಾಳೆ ತಗಡು ಬಡಿದಿತ್ತು. ಅದರ ಮೇಲೆ ಮಗ್ಗ ತಯಾರಾದ ಊರು, ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್. ಹದಿನೈದಕ್ಕೆ ಮಿಲ್ಲು ಸೇರಿದವನು ಇಪ್ಪತ್ತೆರಡು ವರ್ಷ ಆ ತಗಡುಗಳನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿದ್ದ. ಇಷ್ಟು ತೂಕದ ಕಬ್ಬಿಣವನ್ನು ಇಷ್ಟು ನಾಜೂಕಾಗಿ ಕುಣಿಸುವ ಜನರ ಊರು ಹೇಗಿದ್ದೀತು, ಒಂದು ಸಲ ಕಣ್ಣಾರೆ ನೋಡಬೇಕು ಎಂಬುದು ಅವನ ಒಳಗಿನ ಆಸೆ. ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಮಿಲ್ಲಿನವರು ಅವನನ್ನು ತಿಂಗಳುಗಟ್ಟಲೆ ಆಡಿಕೊಂಡು ನಗುತ್ತಿದ್ದರು.

ಕೆಲಸದಲ್ಲಿ ಅವನನ್ನು ಆಡಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಮುನ್ನೂರು ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಜಾಗದಲ್ಲಿ ಕಿವಿಯಿಂದ ಏನೂ ಪ್ರಯೋಜನವಿಲ್ಲ. ದೊಡ್ಡಹನುಮಯ್ಯ ಮಗ್ಗದ ಮೈಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲುವನು. ಲಾಳಿ ಎಲ್ಲಿ ತಡೆಯುತ್ತಿದೆ, ಯಾವ ಬೋಲ್ಟು ಸಡಿಲವಾಗಿದೆ ಎಂಬುದು ಕೈಗೇ ಗೊತ್ತಾಗುತ್ತಿತ್ತು. ಮಗ್ಗದ ವಿಭಾಗದ ದೊರೆ ಕ್ಲೆಗ್ ಸಾಹೇಬ ಬ್ಲ್ಯಾಕ್‌ಬರ್ನ್ ಕಡೆಯವನೇ. ಸಾವಿರದ ಒಂಬೈನೂರ ಐವತ್ತೈದರಲ್ಲಿ ಹೊಸ ನಮೂನೆಯ ಮಗ್ಗ ತರಿಸುವ ಮಾತು ಬಂದಾಗ, ಆರು ತಿಂಗಳು ಅಲ್ಲಿದ್ದು ಕಲಿತು ಬರಲು ಇವನೇ ಸರಿ ಎಂದು ಪಟ್ಟು ಹಿಡಿದು ಒಪ್ಪಿಸಿದವನು ಅವನು. ಮಾರ್ಚಿನಲ್ಲಿ ಬೊಂಬಾಯಿಯಿಂದ ಹಡಗು. ಅಷ್ಟರೊಳಗೆ ಪಾಸ್‌ಪೋರ್ಟು ಕೈಗೆ ಬಂದಿರಬೇಕು.

"ಅದೇನು ಮಹಾ, ಒಂದು ಫಾರಂ ತುಂಬಿದರಾಯಿತು," ಎಂದ ಕ್ಲೆಗ್ ಸಾಹೇಬ. ಅವನು ರಜೆಯ ಮೇಲೆ ನಾಲ್ಕು ಸಲ ಊರಿಗೆ ಹೋಗಿ ಬಂದಿದ್ದ. ಮೈಸೂರಿಗೆ ಹೋಗಿ ಬಂದಷ್ಟೇ ಸಲೀಸಾಗಿ.

ಫಾರಂ ತುಂಬಿದವರು ಮಿಲ್ಲಿನ ಗುಮಾಸ್ತ ವೆಂಕಟಗಿರಿ.

"ಹುಟ್ಟಿದ ತಾರೀಕು ಹೇಳಪ್ಪ."

"ದೊಡ್ಡ ಜ್ವರ ಬಂತಲ್ಲ ಸಾಮಿ, ಮನೆಮನೇಲೂ ಹೆಣ ಎತ್ತಿದ್ರಲ್ಲ, ಆ ವರ್ಷ. ಅವರೆಕಾಯಿ ಕಾಲ ಅಂತ ನಮ್ಮವ್ವ ಹೇಳ್ತಾಳೆ."

ವೆಂಕಟಗಿರಿ ನಿಟ್ಟುಸಿರಿಟ್ಟು ಜನವರಿ ಒಂದನೇ ತಾರೀಕು ಎಂದು ಬರೆದರು. ಪಟ ತೆಗೆಸಲು ತಮ್ಮ ಕೋಟನ್ನೇ ಕೊಟ್ಟರು. ತೋಳು ಗಿಡ್ಡ, ಭುಜ ಬಿಗಿ. ಮೂರು ಪ್ರತಿಗಳಲ್ಲಿ ಎರಡು ಅರ್ಜಿಯ ಜೊತೆ ಮದರಾಸಿಗೆ ಹೋದವು, ಉಳಿದೊಂದು ಅವನ ಜೇಬಿಗೆ ಬಂತು.

"ಇನ್ನು ಪೊಲೀಸಿನೋರು ನಿಮ್ಮೂರಿಗೆ ಬಂದು ವಿಚಾರಿಸ್ತಾರೆ, ಹನುಮಯ್ಯ. ಮನೇಲಿ ಮೊದಲೇ ಹೇಳಿಟ್ಟಿರು, ಗಾಬರಿ ಬಿದ್ದಾರು."

ಹೂಂ ಎಂದವನು ಮನೆಯಲ್ಲಿ ಹೇಳಲಿಲ್ಲ. ತಾಯಿ ಅಂಜಮ್ಮನ ಎದುರು ಸಮುದ್ರದ ಮಾತೆತ್ತಿದರೆ ಅವಳು ಅನ್ನ ನೀರು ಬಿಟ್ಟು ಕೂರುವವಳು. ಪಾಸ್‌ಪೋರ್ಟು ಬರಲಿ, ಆಮೇಲೆ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡ. ಜೇಬಿನ ಪಟ ಕಣ್ಣಿಗೆ ಬಿದ್ದಾಗ, ಮಿಲ್ಲಿನವರು ತೆಗೆಸಿದ್ದು ಎಂದ. ಮಗ ಕೋಟು ಹಾಕಿದ್ದನ್ನು ಕಂಡು ಅಂಜಮ್ಮ ಹಿಗ್ಗಿಹೋದಳು. ಅದಕ್ಕೆ ಕಟ್ಟು ಹಾಕಿಸಿ, ದೇವರ ಪಟದ ಪಕ್ಕದಲ್ಲೇ ಮೊಳೆ ಹೊಡೆಸಿದಳು.

ಅಂಜಮ್ಮನ ವಿಷಯ ಇಲ್ಲಿ ಒಂದಿಷ್ಟು ಹೇಳಲೇಬೇಕು. ನಲವತ್ತೆರಡರ ಚಳವಳಿಯ ಗಲಾಟೆಯಲ್ಲಿ ಪೊಲೀಸರು ಅವಳ ಗಂಡನನ್ನು ಹುಡುಕಿಕೊಂಡು ಬಂದಿದ್ದರು. ಯಾರೋ ದೊಡ್ಡ ಮನುಷ್ಯರು ಕೇಳುತ್ತಿದ್ದಾರೆ ಎಂದು ಇವಳೇ ಸೆರಗು ಸರಿಮಾಡಿಕೊಂಡು, "ಹಿತ್ತಲಲ್ಲಿ ಹಸ ಕಟ್ತಾವ್ರೆ, ಬನ್ನಿ" ಎಂದು ಕರೆದುಕೊಂಡು ಹೋಗಿ ತೋರಿಸಿದ್ದಳು. ಒಂಬತ್ತು ತಿಂಗಳ ಮೇಲೆ ಜೈಲಿನಿಂದ ಮರಳಿದ ಆ ಮನುಷ್ಯ ಕೆಮ್ಮಿ ಕೆಮ್ಮಿ ಯುಗಾದಿಯ ಹೊತ್ತಿಗೆ ಹೋಗಿಬಿಟ್ಟ. ಅವನು ಒಂದು ದಿನವೂ ಅವಳನ್ನು ದೂರಲಿಲ್ಲ, ಅದೇ ಅವಳನ್ನು ಹೆಚ್ಚು ಸುಟ್ಟಿತು. ಅಂದಿನಿಂದ ಊರಿನಲ್ಲೆಲ್ಲ ಒಂದು ಒಪ್ಪಂದ. ಖಾಕಿ ಬಟ್ಟೆಯವನು ಬಂದು ಹೆಸರು ಹಿಡಿದು ಕೇಳಿದರೆ, ಅಂಥವನು ಯಾರೂ ಇಲ್ಲಿಲ್ಲ.

ಸಂಕ್ರಾಂತಿ ಕಳೆದ ವಾರ ದೊಡ್ಡಹನುಮಯ್ಯ ಪಾಳಿ ಮುಗಿಸಿ, ಮಾಗಡಿ ರಸ್ತೆಯ ಧೂಳು ತುಳಿದುಕೊಂಡು ಮನೆಗೆ ಬಂದ. ಅಂಜಮ್ಮ ಜಗಲಿಯ ಮೇಲೆಯೇ ಕಾದು ಕುಳಿತಿದ್ದಳು. ಅವಳ ಮುಖದಲ್ಲಿ ಅಂಥ ಗೆಲುವನ್ನು ಅವನು ವರ್ಷಗಟ್ಟಲೆ ಕಂಡಿರಲಿಲ್ಲ.

"ಬಾರಪ್ಪ, ಒಳಗೆ ಬಾ ಮೊದ್ಲು. ಪೊಲೀಸಿನೋನು ಬಂದಿದ್ದ ಕಣೋ, ನಿನ್ನನ್ನೇ ಕೇಳ್ಕೊಂಡು. ದೊಡ್ಡಹನುಮಯ್ಯ ಇದೇ ಊರೋನಾ, ಎಂಥ ಮನುಷ್ಯ, ಅಂತೆಲ್ಲಾ. ನಾನು ಬಿಡ್ತೀನಾ? ಆ ಹೆಸ್ರಿನೋನು ನಮ್ಮೂರಲ್ಲಿ ಹುಟ್ಟೇ ಇಲ್ಲ ಸಾಮಿ ಅಂದೆ. ಬಾವಿ ಹತ್ರ ಮುನಿತಾಯಮ್ಮನೂ ಅದನ್ನೇ ಹೇಳಿದ್ಳು. ಬರ್ಕೊಂಡು ಹೋದ."

"ಬರ್ಕೊಂಡು ಹೋದ್ನಾ, ಅವ್ವ?"

"ಹೂಂ ಕಣೋ, ಪುಸ್ತಕದಲ್ಲಿ. ಇನ್ನು ಬರಲ್ಲ ಬಿಡು." ಅವಳು ಅವನ ಕೈ ಹಿಡಿದುಕೊಂಡಳು. "ಅವತ್ತು ನಿಮ್ಮಪ್ಪನಿಗೆ ಇದೊಂದು ಮಾತು ಹೇಳಕ್ಕೆ ನಂಗೆ ಬುದ್ಧಿ ಇರಲಿಲ್ಲ."

ಹೆಂಡತಿ ಪಟಾಲಮ್ಮ ಮುದ್ದೆ, ಅವರೆಕಾಳಿನ ಸಾರು ತಂದಿಟ್ಟಳು. ಅವನು ಮುದ್ದೆ ಮುರಿದು ಮುರಿದು ತಟ್ಟೆಯ ಅಂಚಿಗೆ ಸರಿಸಿದ.

ಮರುದಿನ ಅವನು ಠಾಣೆಗೆ ಹೋದ. ಮಿಲ್ಲಿನ ಗುರುತಿನ ಚೀಟಿ ಮುಂದಿಟ್ಟು, "ನಾನೇ ಸಾಮಿ ದೊಡ್ಡಹನುಮಯ್ಯ, ಇದ್ದೀನಿ" ಎಂದ, ಇಲ್ಲ ಎಂದವಳು ತನ್ನ ತಾಯಿಯೇ ಎಂದೂ ಹೇಳಿದ. ದಫೇದಾರರು ಕೆಟ್ಟವರೇನಲ್ಲ, ನಗುವನ್ನು ತಡೆದುಕೊಂಡೇ ಮಾತಾಡಿದರು.

"ನೀನು ಇದ್ದೀಯ ಅಂತ ನೀನು ಹೇಳಿದ್ರೆ ಆಗುತ್ತೇನಯ್ಯ? ಊರೋರು ಇಲ್ಲ ಅಂದವ್ರೆ. ಹೆತ್ತ ತಾಯೀನೇ ಇಲ್ಲ ಅಂದವ್ಳೆ. ಒಂದು ಕೆಲಸ ಮಾಡು. ರಿಪೋರ್ಟು ಇನ್ನೂ ಇಲ್ಲೇ ಇದೆ, ಸೋಮವಾರದವರೆಗೆ ಇಟ್ಕೊಂಡಿರ್ತೀನಿ. ನಿಮ್ಮಮ್ಮನ್ನ ಕರ್ಕೊಂಡು ಬಾ. ನಾನು ಸುಳ್ಳು ಹೇಳಿದ್ದು, ಇವನು ನನ್ನ ಮಗ ಅಂತ ಹೆಬ್ಬೆಟ್ಟು ಒತ್ತಲಿ. ಬೇರೆ ಬರ್ಕೊಡ್ತೀನಿ."

ಆಗುವಂಥ ಮಾತೇ. ಗಂಡನನ್ನು ಕೂಡಿಹಾಕಿದ ಠಾಣೆಯ ಮೆಟ್ಟಿಲನ್ನು ಆ ಮುದುಕಿ ಒಮ್ಮೆ ಹತ್ತಿದರೆ ಸಾಕು, ಮಗ ಬ್ಲ್ಯಾಕ್‌ಬರ್ನ್ ನೋಡಬಹುದು. ಶನಿವಾರ ಹೇಳುತ್ತೇನೆ ಎಂದುಕೊಂಡ. ಶನಿವಾರ ಅಂಜಮ್ಮ ಬಾವಿಕಟ್ಟೆಯಲ್ಲಿ ಪೊಲೀಸಿನವನನ್ನು ಸಾಗಹಾಕಿದ ಕಥೆಯನ್ನು ನಾಲ್ಕನೆಯ ಸಲ ಹೇಳಿ ನಗುತ್ತಿದ್ದಳು. ಭಾನುವಾರ ಹೇಳುತ್ತೇನೆ ಎಂದುಕೊಂಡ. ಭಾನುವಾರ ಅವಳು, ಎಷ್ಟೋ ವರ್ಷದಿಂದ ರಾತ್ರಿಯೆಲ್ಲ ಹೊರಳಾಡುವವಳು, ಕಂಬಕ್ಕೆ ಒರಗಿ ಹಾಡುಹಗಲಲ್ಲೇ ಮಗುವಿನಂತೆ ನಿದ್ದೆ ಹೋಗಿದ್ದಳು. ಅಂದು ಆಡಿದ ಮಾತಿನಿಂದ ಗಂಡ ಹೋದ, ಇಂದು ಆಡಿದ ಮಾತಿನಿಂದ ನನ್ನ ದಾರಿ ಹೋಯಿತು ಎಂದು ಯಾವ ಬಾಯಿಯಿಂದ ಹೇಳುವುದು? ಅವನಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು, ಕೊಟ್ಟಿಗೆ ಗುಡಿಸಲು ಹೋದ. ಸೋಮವಾರ ಅವನು ಠಾಣೆಯ ಬೀದಿಯನ್ನು ಬಿಟ್ಟು ಸುತ್ತುದಾರಿಯಲ್ಲಿ ಮಿಲ್ಲಿಗೆ ನಡೆದ.

ನಡೆದದ್ದನ್ನು ಬಲ್ಲವರು ವೆಂಕಟಗಿರಿ ಒಬ್ಬರೇ. ಕ್ಲೆಗ್ ಸಾಹೇಬನಿಗೆ ದೊಡ್ಡಹನುಮಯ್ಯ, ಮನೆಯಲ್ಲಿ ಒಪ್ಪಲಿಲ್ಲ ಎಂದಷ್ಟೇ ಹೇಳಿದ. ಸಾಹೇಬನಿಗೆ ನಿಜಕ್ಕೂ ಬೇಸರವಾಯಿತು. ಸಮುದ್ರ ದಾಟಲು ನಿಮಗೆ ಇನ್ನೂ ಇಷ್ಟು ಭಯವೇ ಎಂದು ತಲೆಯಾಡಿಸಿದ. ದೊಡ್ಡಹನುಮಯ್ಯ ಮೊದಲ ಸಲ ಎದುರು ಮಾತಾಡಿದ.

"ದೊರೆಗಳೇ, ನೀವು ಬರೋವಾಗ ನಿಮ್ಮೂರಲ್ಲಿ ಪೊಲೀಸಿನೋರು ಯಾರ್ನ ವಿಚಾರಿಸಿದ್ರು?"

ಯಾರನ್ನೂ ವಿಚಾರಿಸಿದ ನೆನಪು ಸಾಹೇಬನಿಗೆ ಬರಲಿಲ್ಲ.

ಇವನು ಹೋಗದಿದ್ದರೆ ಅಲ್ಲಿಂದಲೇ ಒಬ್ಬನನ್ನು ಕಳಿಸುತ್ತೇವೆ ಎಂದು ಬ್ಲ್ಯಾಕ್‌ಬರ್ನ್‌ನ ಮಗ್ಗದ ಕಾರ್ಖಾನೆಯಿಂದ ಕಾಗದ ಬಂತು. ಏಪ್ರಿಲಿನಲ್ಲಿ ಆರ್ಥರ್ ಎಂಬ ಇಪ್ಪತ್ತಮೂರರ ಹುಡುಗ ಬಂದಿಳಿದ. ಮಗ್ಗದ ಫಿಟ್ಟರು, ಅಪ್ಪನೂ ಫಿಟ್ಟರು, ಉಗುರಿನ ಸಂದಿಯಲ್ಲಿ ದೊಡ್ಡಹನುಮಯ್ಯನ ಉಗುರಿನಲ್ಲಿರುವಂಥದೇ ಕಪ್ಪು ಎಣ್ಣೆ. ಅವನನ್ನು ದ್ವೇಷಿಸಲು ದೊಡ್ಡಹನುಮಯ್ಯ ಎರಡು ದಿನ ಪ್ರಯತ್ನಪಟ್ಟ. ಮೂರನೆಯ ದಿನ ಇಬ್ಬರೂ ಒಂದೇ ಮಗ್ಗದ ಮೇಲೆ ಅಂಗೈಯಿಟ್ಟು, ಒಂದೇ ಬೋಲ್ಟಿಗೆ ಕೈ ಚಾಚಿದರು. ಆಮೇಲೆ ದ್ವೇಷ ಮಾಡಲಾಗಲಿಲ್ಲ.

ಹುಡುಗ ಊರಿಗೆ ಹೊರಡುವ ಮುಂಚಿನ ಭಾನುವಾರ ಅವನನ್ನೂ ವೆಂಕಟಗಿರಿಯವರನ್ನೂ ದೊಡ್ಡಹನುಮಯ್ಯ ಊಟಕ್ಕೆ ಕರೆದ. ಆರ್ಥರ್ ಮುದ್ದೆಯನ್ನು ಅಗಿದು ಅಗಿದು ಸುಸ್ತಾದ, ಅಂಜಮ್ಮ ನಕ್ಕು ನಕ್ಕು ಸುಸ್ತಾದಳು. ಊಟವಾದ ಮೇಲೆ ದೊಡ್ಡಹನುಮಯ್ಯ ಕೇಳಿಕೊಂಡದ್ದಕ್ಕೆ ಹುಡುಗ ಜೇಬಿನಿಂದ ತನ್ನ ಪಾಸ್‌ಪೋರ್ಟಿನ ನೀಲಿ ಪುಸ್ತಕ ತೆಗೆದು ಕೊಟ್ಟ. ಮೊದಲ ಪುಟದಲ್ಲಿ ಏನು ಬರೆದಿದೆ ಎಂದು ವೆಂಕಟಗಿರಿ ಕನ್ನಡದಲ್ಲಿ ಹೇಳಿದರು. ಇವನನ್ನು ಯಾರೂ ತಡೆಯಬೇಡಿ, ಬೇಕಾದ ಸಹಾಯ ಮಾಡಿ ಎಂದು ಅವನ ರಾಣಿಯ ಸರ್ಕಾರ ಲೋಕಕ್ಕೆಲ್ಲ ಹೇಳಿತ್ತು.

"ನಮ್ಮ ಪುಸ್ತಕದಲ್ಲೂ ಹೀಗೇ ಬರೆದಿರ್ತದಾ, ಸಾಮಿ?"

"ಹೆಚ್ಚು ಕಡಿಮೆ ಹೀಗೇನೇ, ಹನುಮಯ್ಯ. ಅದು ಕೈಗೆ ಬಂದೋರಿಗೆ."

ಅಂಜಮ್ಮ ಪುಸ್ತಕ ಇಸಿದುಕೊಂಡು, ಅದರೊಳಗಿನ ಪಟವನ್ನು ಕಣ್ಣಿನ ಹತ್ತಿರ ಹಿಡಿದಳು. ಹುಡುಗನಿಗೂ ಯಾರದೋ ಕೋಟಿರಬೇಕು, ಭುಜ ದೊಗಲೆಯಾಗಿತ್ತು. ಅವಳು ಅದನ್ನೊಮ್ಮೆ ನೋಡಿದಳು, ಗೋಡೆಯ ಮೇಲಿನ ಮಗನ ಪಟವನ್ನೊಮ್ಮೆ ನೋಡಿದಳು.

"ಇದೂ ನಿಂದರ ಹಂಗೇ ಅದಲ್ಲೋ! ಅಷ್ಟೇ ಉದ್ದ, ಅಷ್ಟೇ ಅಗಲ. ಇವನು ದೇಶ ಸುತ್ತಕ್ಕೆ ತೆಗೆಸ್ಕೊಂಡವ್ನೆ. ನಿಂದು ಯಾತಕ್ಕಪ್ಪ ತೆಗೆಸಿದ್ದು?"

ವೆಂಕಟಗಿರಿ ತಲೆ ತಗ್ಗಿಸಿ ಎಲೆಗೆ ಸುಣ್ಣ ಹಚ್ಚತೊಡಗಿದರು. ದೊಡ್ಡಹನುಮಯ್ಯ ತಾಯಿಯ ಕೈಯಿಂದ ಪುಸ್ತಕ ತೆಗೆದುಕೊಂಡು, ಪಂಚೆಯ ತುದಿಯಿಂದ ಅದರ ರಟ್ಟನ್ನು ಒರೆಸಿ, ಹುಡುಗನಿಗೆ ಹಿಂದಕ್ಕೆ ಕೊಟ್ಟ.

"ಮಿಲ್ಲಿನೋರು ಕೇಳಿದ್ರು ಕಣವ್ವ. ಸುಮ್ನೆ."