ಹಿಮ್ಮಡಿ ಎದ್ದರೆ ಢಣ್

ಢಣ್.

ಖಾಲಿ ತುಪ್ಪದ ಡಬ್ಬಿಯ ತಳಕ್ಕೆ ಮರದ ಸೌಟು ಬಿದ್ದ ಸದ್ದು. ದಮಯಂತಿ ಕಿವಿಗೊಟ್ಟು ಕೇಳಿದಳು, ತಲೆ ಅಲ್ಲಾಡಿಸಿದಳು, ಡಬ್ಬಿಯೊಳಗೆ ಗಂಡನ ಹಳೆಯ ಬನಿಯನ್ ತುರುಕಿ ಮತ್ತೆ ಬಾರಿಸಿದಳು. ಈಗ ಸರಿಯಾಯಿತು. ಇದು ಹೊಟ್ಟೆಗೆ ಬೀಳುವ ಗುದ್ದು. ಬನಿಯನ್ ಇಲ್ಲದಿದ್ದರೆ ತಲೆಗೆ. ಕೆನ್ನೆಗೆ ಬೇರೆಯೇ ಇತ್ತು: ತೆಳ್ಳನೆಯ ಎರಡು ಹಲಗೆಗಳನ್ನು ಒಂದು ತುದಿಯಲ್ಲಿ ಬಟ್ಟೆಯಿಂದ ಬಿಗಿದದ್ದು, ಬೀಸಿದರೆ ಚಟಾರೆಂದು ಸಿಡಿಯುತ್ತಿತ್ತು. ಮೊಣಕಾಲಿಗೆ ತೆಂಗಿನ ಚಿಪ್ಪು, ಬೆನ್ನಿಗೆ ಹಿತ್ತಾಳೆಯ ಅಗಲ ತಟ್ಟೆ, ಪರಾತ.

ಪಕ್ಕದ ಫ್ಲ್ಯಾಟಿನಿಂದ ರೋಸಲಿಂಡ್ ಗೋಡೆ ತಟ್ಟಿ, ಇವತ್ತು ಯಾರನ್ನು ಕೊಲ್ತಾ ಇದ್ದಿ ಮಾರಾಯ್ತಿ ಎಂದು ಕೇಳಿದಳು. ನಿನ್ನ ಗಂಡನೇ ನನ್ನ ಗಂಡನನ್ನು ಕೊಲ್ತಾ ಇರೋದು ಎಂದು ದಮಯಂತಿ ಎಂದಿನ ಉತ್ತರ ಕೊಟ್ಟಳು. ಗೋಡೆಯಾಚೆ ನಗು ಕೇಳಿಸಿತು. ಮಸ್ಕತ್ತಿನ ದಾರ್ಸೈಟಿನ ಆ ಕಟ್ಟಡದ ಗೋಡೆಗಳು ಅಷ್ಟು ತೆಳ್ಳಗಿದ್ದವು.

ದಮಯಂತಿ ತಗಡಿನ ಸದ್ದಿನಲ್ಲೇ ಬೆಳೆದವಳು. ಮೂಲ್ಕಿ ಪೇಟೆಯಲ್ಲಿ ಅವಳ ಅಪ್ಪನದು ತಗಡು ಕೆಲಸದ ಗೂಡಂಗಡಿ. ಸೋರುವ ಕೊಡಪಾನಕ್ಕೆ ಬೆಸುಗೆ, ಬೇಕರಿಯವರಿಗೆ ಟ್ರೇ, ಮದುವೆಯ ಹೆಣ್ಣಿಗೆ ಟ್ರಂಕು. ಪಾತ್ರೆ ಎಲ್ಲಿ ಸೀಳಿದೆ ಎಂದು ಅಪ್ಪ ಕಣ್ಣಿನಿಂದ ಹುಡುಕುತ್ತಿರಲಿಲ್ಲ. ಬೆರಳ ಗಂಟಿನಿಂದ ತಟ್ಟುತ್ತಾ ಹೋಗಿ, ಸ್ವರ ಒಡೆದ ಕಡೆ ಸುಣ್ಣದ ಗುರುತು ಹಾಕುತ್ತಿದ್ದ. ಆ ಟ್ರಂಕುಗಳಲ್ಲಿ ಒಂದನ್ನು ಹಿಡಿದುಕೊಂಡೇ ಅವಳು ಗುರುವನ ಕೈಹಿಡಿದು ಮಸ್ಕತ್ತಿಗೆ ಬಂದಳು.

ಗುರುವನಿಗೆ ಹರೆಯದಲ್ಲಿ ಸೈನ್ಯ ಸೇರುವ ಹುಚ್ಚು. ಮಂಗಳೂರಿನ ಭರ್ತಿ ಮೈದಾನದಲ್ಲಿ ಪಾದ ಚಪ್ಪಟೆ ಎಂದು ಅವನನ್ನು ಸಾಲಿನಿಂದ ಎಳೆದು ಹೊರಗೆ ಹಾಕಿದರು. ಆಮೇಲೆ ಒಮಾನಿನ ಒಳನಾಡಿನ ಎಣ್ಣೆ ಕ್ಯಾಂಪಿನಲ್ಲಿ ಸ್ಟೋರ್ ಕೀಪರ್ ಆದ. ಊರಿಗೆ ಮರಳಿದ ಬಿಳಿ ಎಂಜಿನಿಯರನೊಬ್ಬ ಆ ಸ್ಟೋರಿನಲ್ಲಿ ಒಂದು ಪ್ರೊಜೆಕ್ಟರನ್ನೂ ಪೆಟ್ಟಿಗೆ ತುಂಬ ಹಳೆಯ ರೀಲುಗಳನ್ನೂ ಬಿಟ್ಟು ಹೋಗಿದ್ದ. ಸಿನಿಮಾಕ್ಕೆ ಇನ್ನೂ ಮಾತು ಬಾರದ ಕಾಲದವು. ಅವುಗಳಲ್ಲಿ ಒಂದು ಸೈನ್ಯದ್ದು. ಹೊಸದಾಗಿ ಭರ್ತಿಯಾದ ಒಬ್ಬ ಪೀಚು ರಂಗರೂಟ, ಒಬ್ಬ ದಪ್ಪ ಮೀಸೆಯ ಹವಾಲ್ದಾರ. ಎಲ್ಲರೂ ಎಡಕ್ಕೆ ತಿರುಗಿದರೆ ಇವನು ಬಲಕ್ಕೆ. ಹೆಗಲ ಮೇಲಿನ ಬಂದೂಕು ಬೀಸಿ ಇಡೀ ಸಾಲು ನೆಲಕ್ಕೆ. ಹವಾಲ್ದಾರ ಒದೆಯುತ್ತಾನೆ, ತಲೆಗೆ ಬಕೆಟ್ಟು ಮಗುಚುತ್ತಾನೆ, ಬಂದೂಕಿನ ಹಿಡಿಯಿಂದ ಪಕ್ಕೆಗೆ ತಿವಿಯುತ್ತಾನೆ. ರಂಗರೂಟ ಪ್ರತಿ ಸಲವೂ ಎದ್ದು ಸೆಲ್ಯೂಟ್ ಹೊಡೆಯುತ್ತಾನೆ. ಮೆಸ್ಸಿನ ಗೋಡೆಯ ಮೇಲೆ ಗುರುವ ಅದನ್ನು ಓಡಿಸಿದಾಗ ಬಲೂಚಿಗಳು, ಪಠಾಣರು, ಮಲಯಾಳಿಗಳು, ತುಳುವರು ಎಲ್ಲರೂ ಒಂದೇ ಜಾಗದಲ್ಲಿ ನಕ್ಕರು. ಸೈನ್ಯಕ್ಕೆ ಬೇಡವಾದವನು ಮರಳಿನ ಮೇಲೆ ಬಿದ್ದು ಬಿದ್ದು ಆ ರಂಗರೂಟನ ಬೀಳುವಿಕೆಯನ್ನು ಕಲಿತ.

ರಜೆಯಲ್ಲಿ ಮಸ್ಕತ್ತಿಗೆ ಬಂದಾಗ ಕನ್ನಡಿಗರ ಸಂಘದ ಕಾರ್ಯಕ್ರಮದಲ್ಲಿ ಆಡಿ ತೋರಿಸಿದ. ರೋಸಲಿಂಡಳ ಗಂಡ ಆಸ್ವಾಲ್ಡ್, ಗ್ಯಾರೇಜಿನ ಮೆಕ್ಯಾನಿಕ್, ಆಳೆತ್ತರದ ಸಾಧು ಮನುಷ್ಯ, ಹವಾಲ್ದಾರನಾದ. ಮೊದಲ ವರ್ಷ ಹಿಂದಿನ ಸಾಲಿನವರು ನಗಲಿಲ್ಲ, ಒಬ್ಬರು ಗುರುವನಿಗೆ ಏಳಬೇಡಿ ಎಂದು ಕೂಗಿದರು ಕೂಡ. ಏಟು ನಿಜವೋ ಆಟವೋ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಎರಡನೆಯ ವರ್ಷ ದಮಯಂತಿ ಪರದೆಯ ಮರೆಯಲ್ಲಿ ಪರಾತ ಹಿಡಿದು ಕುಳಿತಳು. ಆವತ್ತಿನಿಂದ ಆ ಆಟ ಹತ್ತಿಕೊಂಡಿತು. ಆಸ್ವಾಲ್ಡನ ಕೈ ಮೈಗೆ ತಾಗುತ್ತಲೇ ಇರಲಿಲ್ಲ. ಬೀಳುವ ಮುಂಚೆ ಗುರುವ ಎಡಗಾಲಿನ ಹಿಮ್ಮಡಿಯನ್ನು ಒಂದಿಷ್ಟು ಎತ್ತುತ್ತಿದ್ದ. ಹೊಡೆಯುವವನು ಅದನ್ನು ನೋಡಿ ಕೈ ಬೀಸಬೇಕು, ದಮಯಂತಿ ಅದನ್ನು ನೋಡಿ ಬಾರಿಸಬೇಕು. ಹಿಮ್ಮಡಿ ಎದ್ದರೆ ಢಣ್. ಮೂವರಿಗೂ ಅಪ್ಪಣೆ ಕೊಡುತ್ತಿದ್ದದ್ದು ಆ ಚಪ್ಪಟೆ ಪಾದ.

ಎಂಬತ್ತಾರರಲ್ಲಿ ಎಣ್ಣೆಯ ಬೆಲೆ ನೆಲ ಕಚ್ಚಿತು. ಕ್ಯಾಂಪು ಮುಚ್ಚಿತು. ಗುರುವನನ್ನು ಊರಿಗೆ ಕಳಿಸದೆ ಮಸ್ಕತ್ತಿನ ಬಳಿಯ ರುಸೈಲಿನ ಗೋದಾಮಿಗೆ ಹಾಕಿದ್ದೇ ದೊಡ್ಡದು ಎಂದರು. ಅಲ್ಲಿ ಮೇಲ್ವಿಚಾರಕ ಮ್ಯಾಥ್ಯೂ, ಇವನಿಗಿಂತ ಹತ್ತು ವರ್ಷ ಚಿಕ್ಕವನು. ಒಂದು ದಿನ ಪೆಟ್ಟಿಗೆಗಳ ಅಟ್ಟಿ ಜಾರಿತೆಂದು ಮ್ಯಾಥ್ಯೂ ಇವನ ಕಾಲರ್ ಹಿಡಿದು ಹಿಂದಕ್ಕೆ ತಳ್ಳಿದ. ಗುರುವ ಬಿದ್ದ. ಬೀಳುವ ವಿದ್ಯೆ ಮೈಗೆ ಹತ್ತಿದವನಾದ್ದರಿಂದ ಎರಡು ಕೈ ಚಾಚಿ, ಕಾಲು ಮೇಲೆ ಮಾಡಿ, ಚಂದವಾಗಿಯೇ ಬಿದ್ದ. ಹೊರೆಯಾಳುಗಳು ಆಟವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಅವತ್ತು ಮರುವರ್ಷದ ಜನವರಿಯ ಮಧ್ಯಾಹ್ನ, ಕಿಟಕಿಯಿಂದ ತಂಪು ಗಾಳಿ ಬರುತ್ತಿತ್ತು. ಮನೆಗೆ ಬಂದವನು ಕಿಟಕಿ ಮುಚ್ಚಿದ, ಎಸಿ ಹಾಕಿದ. ಹಳೆಯ ಪೆಟ್ಟಿಗೆ ಎಸಿ ಲಾರಿಯಂತೆ ಗುಡುಗಿತು. ಚಳಿಗೆ ಎಸಿ ಯಾಕೆ ಎಂದು ಕೇಳಲು ದಮಯಂತಿ ತಿರುಗಿದಾಗ ಅವನ ಎಡ ಹಿಮ್ಮಡಿ ಎದ್ದದ್ದು ಕಂಡಿತು. ಅವಳ ಕೈ ತಾನಾಗಿ ಸೌಟು ಹುಡುಕಿತು. ಅಷ್ಟರಲ್ಲಿ ಏಟು ಬಿದ್ದಿತ್ತು.

ಬಡಿಸುವವಳನ್ನೇ ಬಡಿಯುವುದು ಆಮೇಲೆ ಅಭ್ಯಾಸವಾಯಿತು. ಹೆಚ್ಚಾಗಿ ಬಟ್ಟೆ ಮುಚ್ಚುವ ಜಾಗ ನೋಡಿ ಗುದ್ದುತ್ತಿದ್ದ; ಕೂದಲು ಹಿಡಿದು ಕಪಾಟಿನ ಅಂಚಿಗೆ ಕುಕ್ಕುತ್ತಿದ್ದ; ಬಿದ್ದರೆ ಒದೆಯುತ್ತಿದ್ದ. ಬೈಗುಳವಿಲ್ಲ. ಸದ್ದು ಮಾಡಬೇಡ ಎನ್ನುವುದೊಂದೇ ಅವನ ಮಾತು. ಮುಗಿದ ಮೇಲೆ ಎಸಿ ಆರಿಸಿ, ಕಿಟಕಿ ತೆರೆದು, ಊಟಕ್ಕೆ ಕೂರುತ್ತಿದ್ದ. ಒಂದು ಸಲ ಉಸಿರೆಳೆದರೆ ಚುಚ್ಚುತ್ತಿತ್ತೆಂದು ಅವಳು ಬಚ್ಚಲಲ್ಲಿ ನಿಂತು ಬೆರಳ ಗಂಟಿನಿಂದ ತನ್ನ ಪಕ್ಕೆಲುಬುಗಳನ್ನು ಒಂದೊಂದಾಗಿ ತಟ್ಟಿ ನೋಡಿದಳು, ಅಪ್ಪ ಕೊಡಪಾನ ತಟ್ಟಿದ ಹಾಗೆ. ನಾಲ್ಕನೆಯದರ ಹತ್ತಿರ ಕಣ್ಣು ಕತ್ತಲೆ ಬಂತು.

ರೋಸಲಿಂಡಳಿಗೆ ಹೇಳಲು ನೋಡಿದಳು. ಅವಳು ಹೊಟ್ಟೆ ಹಿಡಿದು ನಕ್ಕಳು.

“ಗುರುವಣ್ಣನಾ? ನೊಣ ಹೊಡೀಲಿಕ್ಕೆ ಬಾರದ ಜನ. ಹತ್ತು ವರ್ಷದಿಂದ ನಮ್ಮವರ ಕೈಯಲ್ಲಿ ಪೆಟ್ಟು ತಿಂತಾ ಇರೋದು ಅವರಲ್ವಾ.”

ದಮಯಂತಿಯೂ ನಕ್ಕಳು. ಊರಿಡೀ ಪೆಟ್ಟು ತಿನ್ನುವುದನ್ನು ನೋಡಿ ಪ್ರೀತಿಸಿದ ಮನುಷ್ಯ ಪೆಟ್ಟು ಕೊಡುತ್ತಾನೆಂದರೆ ಯಾರ ಕಿವಿಗೆ ಇಳಿಯಬೇಕು. ಆ ಕಟ್ಟಡಕ್ಕೆ ಅವಳ ಸುಳ್ಳು ಏಟುಗಳೆಲ್ಲ ಕೇಳಿಸುತ್ತಿದ್ದವು. ನಿಜವಾದವು ಎಸಿಯ ಗುಡುಗಿನಲ್ಲಿ ಮುಳುಗುತ್ತಿದ್ದವು.

ಮಾರ್ಚಿನಲ್ಲಿ ಆಟಕ್ಕೆ ಒಂದು ವಾರವಿರುವಾಗ ಹೀಗಾಯಿತು. ಶಾಲೆಯಿಂದ ಬಂದ ಸುಪ್ರೀತಾ, ಏಳು ವರ್ಷದ ಮಗಳು, ಎಂದಿನಂತೆ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಾಳೆ ಎಂದು ದಮಯಂತಿ ತಿಳಿದಿದ್ದಳು. ಎಸಿ ಗುಡುಗಿತು. ಹಿಮ್ಮಡಿ ಎದ್ದಿತು. ಕೆನ್ನೆಗೆ ಏಟು ಬಿದ್ದ ಕ್ಷಣದಲ್ಲೇ ಬೆನ್ನ ಹಿಂದೆ ಢಣ್ ಎಂದಿತು.

ಅಡುಗೆಮನೆಯ ಬಾಗಿಲಲ್ಲಿ ಸುಪ್ರೀತಾ ಪರಾತ ಹಿಡಿದು ನಿಂತಿದ್ದಳು.

ಗುರುವನ ಕೈ ಗಾಳಿಯಲ್ಲಿ ನಿಂತಿತು. ಆಮೇಲೆ ಅವನಿಗೆ ನಗು ಬಂತು. ಅಮ್ಮನಿಗಿಂತ ಮಗಳೇ ಲಾಯ್ಕು ಬಾರಿಸ್ತಾಳೆ ಎಂದ. ಎಂದವನು ಮತ್ತೆ ಬೀಸಿದ. ಮತ್ತೆ ಢಣ್. ಹೊಟ್ಟೆಗೆ ಮೊಣಕಾಲು, ಢಣ್. ಮಗು ನಗುತ್ತಿರಲಿಲ್ಲ. ಕೆಳತುಟಿ ಕಚ್ಚಿಕೊಂಡಿತ್ತು, ಅದರ ಕಣ್ಣು ಅಪ್ಪನ ಮುಖದ ಮೇಲಿರಲಿಲ್ಲ, ಅಮ್ಮನ ಮೇಲೂ ಇರಲಿಲ್ಲ. ಕೆಳಗೆ, ಎಡ ಹಿಮ್ಮಡಿಯ ಮೇಲೆ ನೆಟ್ಟಿತ್ತು.

ಅವನು ಹೊರಗೆ ಹೋದ ಮೇಲೆ ಸುಪ್ರೀತಾ ಅಮ್ಮನ ತುಟಿಯ ರಕ್ತವನ್ನು ತನ್ನ ಯೂನಿಫಾರ್ಮಿನ ಚುಂಗಿನಿಂದ ಒರೆಸುತ್ತಾ ಪಿಸುಗುಟ್ಟಿದಳು.

“ವಾಸ್ ಐ ಲೇಟ್, ಅಮ್ಮಾ?”

ಇಲ್ಲ, ಸರಿಯಾಗಿತ್ತು ಎಂದಳು ದಮಯಂತಿ. ಬೇರೆ ಏನು ಹೇಳುವುದು. ಮಗು ಅದನ್ನು ಆಟ ಮಾಡಿಬಿಟ್ಟರೆ ಅದು ಆಟವೇ ಆಗುತ್ತದೆಂದು ನಂಬಿತ್ತು. ನಾಳೆ ಇನ್ನೂ ಚಂದ ಬಾರಿಸುತ್ತದೆ. ಹಿಮ್ಮಡಿ ಓದಲು ತಾನು ಮೂವತ್ತು ದಾಟಿದ ಮೇಲೆ ಕಲಿತದ್ದು; ಇದು ಏಳಕ್ಕೇ ಕಲಿತಿತ್ತು. ಇದಕ್ಕೆ ಪೂರಾ ಕೈ ಕುದುರುವ ಮೊದಲು ಯಾರಿಗಾದರೂ ಕೇಳಿಸಲೇಬೇಕು ಎಂದು ಅವಳು ಅವತ್ತು ನಿಶ್ಚಯಿಸಿದಳು. ಹೇಗೆ ಎಂದು ಮಾತ್ರ ತಿಳಿಯಲಿಲ್ಲ.

ಶುಕ್ರವಾರ ಸಂಜೆ ಶಾಲೆಯ ಸಭಾಂಗಣ ತುಂಬಿತ್ತು. ಕೆಲಸ ಕಳೆದುಕೊಂಡು ಊರಿಗೆ ಹೊರಟ ಕುಟುಂಬಗಳ ಬೀಳ್ಕೊಡುಗೆ. ಸಂಘದ ಅಧ್ಯಕ್ಷ ಬಾಲಸುಬ್ರಹ್ಮಣ್ಯ, ಅಲ್ ಅಜೈಬಾದ ವಿಲ್ಲಾದಲ್ಲಿರುವ ಮೈಸೂರಿನ ಎಂಜಿನಿಯರ್, ಇಂಥ ಕಾಲದಲ್ಲಿ ನಗುವೇ ಔಷಧಿ ಎಂದು ಭಾಷಣ ಮಾಡಿದರು. ಸಭಾಂಗಣ ದೊಡ್ಡದೆಂದು ಈ ವರ್ಷ ಮೊದಲ ಬಾರಿಗೆ ದಮಯಂತಿಯ ಡಬ್ಬಿಗಳ ಮುಂದೆ ಮೈಕು ನಿಲ್ಲಿಸಿದ್ದರು. ಅವಳ ಹಿಂದೆ ಮೆಟ್ಟಿಲ ಮೇಲೆ ಸುಪ್ರೀತಾ ಸೌಟುಗಳನ್ನು ಮಡಿಲಲ್ಲಿಟ್ಟು ಕುಳಿತಿದ್ದಳು.

ಕವಾಯತು ಸಾಗಿತು. ರಂಗರೂಟ ಬಲಕ್ಕೆ ತಿರುಗಿದ, ಸಾಲು ಉರುಳಿತು. ಒದೆತ, ಢಣ್. ಬಕೆಟ್ಟು, ಢಣ್. ಸಭಾಂಗಣ ಹುಚ್ಚು ನಗೆ ನಕ್ಕಿತು. ನಾಳೆ ವಿಮಾನ ಹತ್ತುವವರೂ ಕಣ್ಣೊರೆಸಿಕೊಂಡು ನಕ್ಕರು. ಬಂದೂಕು ಕಳೆದುಕೊಂಡ ರಂಗರೂಟನಿಗೆ ಹವಾಲ್ದಾರ ಸಾಲಾಗಿ ಬಾರಿಸುವ ಜಾಗ ಬಂತು, ಆಟದಲ್ಲಿ ಎಲ್ಲರೂ ಕಾಯುವ ಜಾಗ. ಹಿಮ್ಮಡಿ ಎದ್ದಿತು. ಬೆನ್ನ ಹಿಂದೆ ಮಗಳು ತನ್ನ ಮೊಣಕಾಲಿಗೆ ಮೆಲ್ಲಗೆ ಸೌಟು ತಟ್ಟಿದ್ದು ದಮಯಂತಿಗೆ ಕೇಳಿಸಿತು, ಸರಿಯಾದ ಕ್ಷಣಕ್ಕೆ.

ಅವಳು ಹಲಗೆಯನ್ನು ಕೆಳಗಿಟ್ಟು ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

ಆಸ್ವಾಲ್ಡನ ಕೈ ಸದ್ದಿಲ್ಲದೆ ಬೀಸಿತು. ಗುರುವ ಬಿದ್ದ, ಎದ್ದ, ಸೆಲ್ಯೂಟ್ ಹೊಡೆದ. ಮತ್ತೆ ಏಟು, ಸದ್ದಿಲ್ಲ. ನಗು ಮುಂದಿನ ಸಾಲುಗಳಲ್ಲಿ ಮೊದಲು ನಿಂತಿತು. ಸದ್ದು ಹೋದ ಮೇಲೆ ಅಲ್ಲಿ ಉಳಿದದ್ದು ಒಬ್ಬ ದಾಂಡಿಗ ಒಬ್ಬ ಬಡಕಲು ನಡುವಯಸ್ಸಿನವನಿಗೆ ಹೊಡೆಯುವ ನೋಟವಷ್ಟೇ. ಎಲ್ಲೋ ಒಂದು ಮಗು ಅಳತೊಡಗಿತು. ಆಸ್ವಾಲ್ಡ್ ತನ್ನ ಕೈಯನ್ನೇ ಬೆದರಿ ನೋಡಿಕೊಂಡ. ಗುರುವ ಹಲ್ಲು ಕಚ್ಚಿ, ನಿಜವಾಗಿ ಹೊಡಿ ಮಾರಾಯ ಎಂದು ಉಸುರಿದ. ಆಸ್ವಾಲ್ಡ್ ಹೊಡೆಯಲಾರದೆ ನಿಂತಾಗ ಗುರುವ ತಾನೇ ರಂಗದ ಬದಿಗೆ ಒರಗಿಸಿದ್ದ ಏಣಿಗೆ ಹಣೆ ಅಪ್ಪಳಿಸಿಕೊಂಡ. ಹುಬ್ಬು ಸೀಳಿತು. ಯಾರೂ ನಗಲಿಲ್ಲ.

ಅವನು ಪರದೆಯ ಕಡೆ ತಿರುಗಿದ. ಬಕೆಟ್ಟನ್ನು ಒದ್ದು, ರಕ್ತ ಇಳಿಯುವ ಮುಖದಲ್ಲಿ ಅವಳತ್ತ ನಡೆದು ಬಂದ. ಎಡಬದಿಯ ಸಾಲುಗಳಿಗೆ ಅವರಿಬ್ಬರೂ ಕಾಣುತ್ತಿದ್ದರು. ದಮಯಂತಿ ಅವನ ಮುಖ ನೋಡಲಿಲ್ಲ, ಕಾಲು ನೋಡಿದಳು. ಹಿಮ್ಮಡಿ ಎದ್ದಿತು. ಅವಳು ಕೈ ಚಾಚಿ ಮೈಕಿನ ಕತ್ತನ್ನು ತನ್ನ ಕೆನ್ನೆಯ ಕಡೆಗೆ ತಿರುಗಿಸಿದಳು.

ಆ ಸದ್ದು ಸಭಾಂಗಣದ ನಾಲ್ಕೂ ಮೂಲೆಯ ಸ್ಪೀಕರುಗಳಲ್ಲಿ ಬಂತು. ಡಬ್ಬಿಯದಲ್ಲ, ಹಲಗೆಯದಲ್ಲ. ಮಾಂಸಕ್ಕೆ ಮಾಂಸ ತಾಗಿದ ಒದ್ದೆ ಸದ್ದು, ಅದರ ಹಿಂದೆ ಅವಳ ಉಸಿರು ಸಿಕ್ಕಿಕೊಂಡದ್ದು, ಆಮೇಲೆ ಅವನ ಧ್ವನಿ, ಸದ್ದು ಮಾಡಬೇಡ.

ಗುರುವ ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಜನರ ಕಡೆ ತಿರುಗಿದ. ಹಳೆಯ ರೂಢಿ. ಎರಡು ಕೈ ಚಾಚಿ, ಕಾಲು ಮೇಲೆ ಮಾಡಿ, ತನಗೆ ಗೊತ್ತಿದ್ದ ಅತ್ಯುತ್ತಮ ಬೀಳುವಿಕೆಯನ್ನು ಬಿದ್ದ. ರಂಗದ ಹಲಗೆಗೆ ಅವನ ಬೆನ್ನು ತಾಗಿದ ದಪ್ಪ ಸದ್ದೊಂದೇ ಕೇಳಿಸಿತು. ಮೂರನೆಯ ಸಾಲಿನಲ್ಲಿ ರೋಸಲಿಂಡ್ ಎದ್ದು ನಿಂತಿದ್ದಳು, ಕೈ ಬಾಯಿಯ ಮೇಲಿತ್ತು.

ಪರದೆ ಎಳೆದರು. ಆಸ್ವಾಲ್ಡ್ ಮೀಸೆ ಕಿತ್ತು ನೆಲದ ಮೇಲೆ ಕುಳಿತುಬಿಟ್ಟ. ಗುರುವನ ಹಣೆಗೆ ಯಾರೋ ಟವೆಲ್ ಒತ್ತಿ ಹಿಡಿದಿದ್ದರು, ಅವನು ಬಿಕ್ಕುತ್ತಿದ್ದ. ಹಿಂಬಾಗಿಲ ಓಣಿಯಲ್ಲಿ ಬಾಲಸುಬ್ರಹ್ಮಣ್ಯ ದಮಯಂತಿಯನ್ನು ತಡೆದು ನಿಲ್ಲಿಸಿದರು. ಕೆಟ್ಟವರಲ್ಲ, ಬೆವತಿದ್ದರು. ಇದೂ ಆಟದ ಭಾಗ ಅಂತ ತಾವೀಗ ಜನಕ್ಕೆ ಹೇಳುವುದಾಗಿಯೂ, ಅವಳು ಬಂದು ಗಂಡನ ಪಕ್ಕ ನಿಂತು ಒಂದು ಸಲ ನಕ್ಕು ಕೈಮುಗಿದರೆ ಸಾಕೆಂದೂ ಹೇಳಿದರು. ಗುರುವನ ಕಂಪನಿಯವರೂ ಸಭೆಯಲ್ಲಿದ್ದಾರೆ, ವೀಸಾ ಕೊಟ್ಟ ಕಫೀಲನ ಕಿವಿಗೆ ಹೋದರೆ ವೀಸಾ ಖಲಾಸ್ ಎಂದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಲ್ಲವೇ ಎಂದರು.

ದಮಯಂತಿಯ ಕೆನ್ನೆಯ ಮೇಲೆ ನಾಲ್ಕು ಬೆರಳು ಏಳುತ್ತಿದ್ದವು. ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು.

“ನಿಮಗೆ ಕೇಳಿಸ್ತಾ ಸರ್?”

“ಕೇಳಿಸ್ತಮ್ಮ. ಎಲ್ರಿಗೂ ಕೇಳಿಸ್ತು. ಅದೇ ಈಗ ಬಂದಿರೋ ತೊಂದ್ರೆ.”

ಅವಳು ಬಾಗಿ, ಸುಪ್ರೀತಾಳ ಮುಷ್ಟಿಯಿಂದ ಸೌಟನ್ನು ಬಿಡಿಸಿ ಅಲ್ಲೇ ಕುರ್ಚಿಯ ಮೇಲಿಟ್ಟಳು. ಮಗು ಸುಲಭಕ್ಕೆ ಬಿಡಲಿಲ್ಲ. ಆಮೇಲೆ ಮಗಳ ಕೈ ಹಿಡಿದಳು. ಓಣಿಯ ಕೊನೆಯ ಬಾಗಿಲು ತೆರೆದಿತ್ತು, ಹೊರಗೆ ಪಾರ್ಕಿಂಗಿನಲ್ಲಿ ರೋಸಲಿಂಡ್ ಕಾರಿನ ಹಿಂಬಾಗಿಲು ತೆಗೆದು ಹಿಡಿದು ನಿಂತಿದ್ದಳು.

“ನೋಡಿ ದಮಯಂತಿಯವ್ರೇ, ಇಂಥ ಕಾಲದಲ್ಲಿ ಒಂದು ಕೆಲಸ ಉಳಿಸ್ಕೊಳ್ಳೋದು ಅಂದ್ರೆ, ನೀವೂ ಸ್ವಲ್ಪ…”

ಅವರು ಇನ್ನೂ ಹೇಳುತ್ತಲೇ ಇದ್ದರು, ಇಬ್ಬರೂ ಬಾಗಿಲು ದಾಟಿದ್ದರು.