ಗುಡ್ಡ ಬಿಟ್ಟವರ ನಾಲ್ಕು ಸಾಲು

ಯುದ್ಧದ ಪುಸ್ತಕಗಳನ್ನು ನಾನು ಖುಷಿಗಾಗಿ ಓದುತ್ತಿದ್ದೆ ಎಂದರೆ ನಮ್ಮ ಸೊಸೆಯಂದಿರು ಈಗಲೂ ನಂಬುವುದಿಲ್ಲ. ಎಂಬತ್ತರ ದಶಕದ ಕೊನೆಯ ಮಾತು. ನಿಪ್ಪಾಣಿಯಲ್ಲಿ ನಮ್ಮ ಓಣಿಯ ರದ್ದಿ ಅಂಗಡಿಗೆ ಬೆಳಗಾವಿಯಿಂದ ಹಳೆಯ ಇಂಗ್ಲಿಷ್ ಪುಸ್ತಕಗಳ ಕಟ್ಟುಗಳು ಬರುತ್ತಿದ್ದವು. ಕಾನ್ವೆಂಟಿನ ಇಂಗ್ಲಿಷ್ ಮರೆತುಹೋಗದಿರಲಿ ಎಂದು ಕಾದಂಬರಿ ಹುಡುಕಲು ಹೋದವಳು, ರಟ್ಟು ಕಿತ್ತುಹೋಗಿದ್ದ ಯಾವುದೋ ಸೈನ್ಯದ ಇತಿಹಾಸ ಹಿಡಿದು ಬಂದೆ. ನಕಾಶೆಯ ಬಾಣಗಳ ಮೇಲೆ ಬೆರಳಾಡಿಸುತ್ತ ಹೊಳೆ ದಾಟುವುದು, ಹೇಸರಗತ್ತೆ ಎಷ್ಟು ಭಾರ ಹೊರುತ್ತದೆ ಎಂದು ತಿಳಿಯುವುದು, ಒದ್ದೆ ಬೂಟಿನಿಂದಾಗಿ ಒಂದು ಪಡೆ ನಿಂತಲ್ಲೇ ನಿಂತ ಕಥೆ: ಎಂಥ ಸುಖ ಅದು! ಮುಗಿದುಹೋದ ಯುದ್ಧವಾದ್ದರಿಂದ ಹೆದರಿಕೆಯೂ ಇರಲಿಲ್ಲ.

"ಅದರಾಗ ಅಂಥಾದ್ದೇನ ಐತಿಬೇ?" ಎಂದು ಅತ್ತೆ ಕೇಳಿದರು.

"ಹತ್ತು ಸಾವಿರ ಮಂದಿಗೆ ಗುಡ್ಡದ ಮ್ಯಾಲೆ ರೊಟ್ಟಿ ಹೆಂಗ ಮುಟ್ಟಸ್ತಾರ ಅಂತ ಐತ್ರಿ."

"ಮೊದಲ ನಮ್ಮ ತಂಬಾಕಿನ ವಖಾರಿ ಆಳಿಗೆ ಚಹಾ ಮುಟ್ಟಸು. ಆಮ್ಯಾಲ ಗುಡ್ಡ ಹತ್ತೀಯಂತ."

ಎದುರು ಮನೆಯಲ್ಲಿ ಕರೋಶಿ ಹಳ್ಳಿಯ ಹವಾಲ್ದಾರ ಕಾಕಾ ಇದ್ದರು. ಫೌಜು ಬಿಟ್ಟು ಬಹಳ ವರ್ಷವಾಗಿತ್ತು. ಅವರಿಗೆ ಇಂಗ್ಲಿಷ್ ಬಾರದು. ಸಂಜೆ ನಾನು ಓದಿದ್ದನ್ನು ಕನ್ನಡದಲ್ಲಿ ಹೇಳಿದರೆ, ಅವರು ಮೊರದಲ್ಲಿದ್ದ ತೊಗರಿಬೇಳೆಯನ್ನು ಗುಡ್ಡೆ ಮಾಡಿ, "ತೋಪು ಇಲ್ಲಿ ಇಡಬಾರದಿತ್ತು ನೋಡವಾ" ಎನ್ನುತ್ತಿದ್ದರು.

ಒಮ್ಮೆ ಸಿಕ್ಕ ಪುಸ್ತಕ ಅವರೇ ಹೋಗಿದ್ದ ಯುದ್ಧದ್ದು. ನಕಾಶೆ ತೆಗೆದ ಕೂಡಲೇ ಅವರ ಬೆರಳು ಒಂದು ಕಡೆ ನಿಂತಿತು. "ಇದ ನಮ್ಮ ಗುಡ್ಡ." ಅಲ್ಲಿಗೆ ಅವರ ಜೊತೆ ಹೋಗಿದ್ದ ಚಿಕ್ಕಪ್ಪನ ಮಗ ಜೀವಂತ ಮರಳಿರಲಿಲ್ಲ. ಊರವರು ಇವರಿಗೆ 'ಗುಡ್ಡ ಬಿಟ್ಟಾಂವ' ಎಂದು ಅಡ್ಡಹೆಸರಿಟ್ಟಿದ್ದರು. ನಮ್ಮ ಕಡೆ ಅಡ್ಡಹೆಸರು ಒಮ್ಮೆ ಅಂಟಿದರೆ ಮೊಮ್ಮಕ್ಕಳವರೆಗೂ ಬಿಡುವುದಿಲ್ಲ.

"ಆಗಸ್ಟ್ ಹದಿನೈದಕ್ಕ ನಮ್ಮೂರ ಶಾಲ್ಯಾಗ ನನ್ನ ಕರದಾರ" ಎಂದರು. "ಇದನ್ನ ಕನ್ನಡದಾಗ ಬರದ ಕೊಡು. ಹೆಡ್ ಮಾಸ್ತರು ಓದ್ತಾರ. ಇಂಗ್ಲಿಷ್ ಪುಸ್ತಕದಾಗ ಐತಿ ಅಂದ್ರ ಯಾರು ಬಾಯಿ ತಗೀತಾರ?"

ಅವರು ಹೋದ ಮೇಲೆ ಓದಿದೆ. ಆ ಗುಡ್ಡದ ಬಗ್ಗೆ ಇದ್ದದ್ದೇ ನಾಲ್ಕು ಸಾಲು. ಅಲ್ಲಿದ್ದವರು ಠಾಣೆ ಬಿಟ್ಟುಹೋದರು, ಎರಡೂ ಕಡೆಯಿಂದ ಒಂದು ಗುಂಡೂ ಹಾರಲಿಲ್ಲ ಎಂದಿತ್ತು.

ಮುಂದಿನ ದಿನಗಳಲ್ಲಿ ಹೆಂಚಿನ ಮೇಲಿನ ರೊಟ್ಟಿ ಕರಕಾದ ಮೇಲೆಯೇ ನನಗೆ ಎಚ್ಚರ. ಎದುರು ಮನೆಯ ಅಗಳಿ ಸರಿದ ಸಪ್ಪಳವಾದರೆ ಪುಸ್ತಕವನ್ನು ಹಿಟ್ಟಿನ ಡಬ್ಬಿಯ ಹಿಂದೆ ಸರಿಸುತ್ತಿದ್ದೆ. "ಮುಗೀತೇನವಾ?" "ನಾಳೆ ಕೊಡ್ತೀನ್ರಿ ಕಾಕಾ." ನಾಲ್ಕನೆಯ ದಿನ, ಪುಸ್ತಕದ ಹಾಳೆಯ ಮೂಲೆಯನ್ನೂ ಎಂದೂ ಮಡಿಸದ ನಾನು, ಆ ಹಾಳೆಯನ್ನೇ ಹರಿದು ಬಚ್ಚಲೊಲೆಗೆ ಹಾಕಿದೆ. ಆ ಹಾಳೆ ಮೊದಲೇ ಇರಲಿಲ್ಲ ಎಂದು ಕಾಕಾಗೆ ಹೇಳಿಬಿಟ್ಟೆ.

ಕಾಕಾ ಪುಸ್ತಕ ಬಿಡಿಸಿ, ಹೊಲಿಗೆಯ ಗುಂಟ ಹೆಬ್ಬೆರಳು ಎಳೆದರು. ಉಳಿದ ಹಾಳೆಗಳ ಅಂಚೆಲ್ಲ ಹಳದಿ. ಹರಿದ ಅಂಚು ಮಾತ್ರ ಬೆಳ್ಳಗಿತ್ತು.

"ನೀನ ಹರದೀ?"

"ಹೌದ್ರಿ."

"ಅಷ್ಟ ಕೆಟ್ಟ ಬರದಾನೇನು?"

ಬಾಯಿಪಾಠವಾಗಿಹೋಗಿದ್ದ ನಾಲ್ಕು ಸಾಲು ಹೇಳಿದೆ. ಅವರ ಚಹಾದ ಮೇಲೆ ಕೆನೆ ಕಟ್ಟಿತು.

"ಬಿಟ್ಟ ಬಂದದ್ದು ಖರೇ. ಬಿಡ್ರಿ ಅಂತ ಹುಕುಂ ಬಂದಿತ್ತು. ಅದು ಬರದಾನೇನು?"

"ಇಲ್ರಿ."

"ಗುಂಡ ಹಾರಲಿಲ್ಲಂತ. ಹಂಗಾದ್ರ ನನ್ನ ತಮ್ಮಗ ಬಡದದ್ದು ಏನು?"

ಇಂಥ ಎಷ್ಟು ನಾಲ್ಕು ಸಾಲುಗಳನ್ನು ನಾನು ಚಹಾ ಕುಡಿಯುತ್ತ ದಾಟಿ ಹೋಗಿದ್ದೆನೋ.

"ನಾಲ್ಕೂ ಸಾಲ ಬರಿ. ಕೆಳಗ ನಾ ಹೇಳಿದ್ದು ಬರಿ."

"ಅವು ಬ್ಯಾಡ್ರಿ ಕಾಕಾ. ನಿಮ್ಮದಷ್ಟ ಬರೀತೀನಿ. ಮಂದಿ ಆ ನಾಲ್ಕ ಸಾಲಷ್ಟ ಹಿಡಕೊಂಡು ಕುಂಡ್ರತಾರ."

"ಮ್ಯಾಲಿಂದು ಮುಚ್ಚಿಟ್ಟರ ಕೆಳಗಿಂದು ಯಾರು ನಂಬ್ತಾರವಾ?"

ಹದಿನೈದರ ಬೆಳಿಗ್ಗೆ ಕಾಕಾ, ಅವರ ಹೆಂಡತಿ ಕಾಕೂ ಜೊತೆ ನಾನೂ ಬಸ್ಸು ಹತ್ತಿ ಕರೋಶಿಗೆ ಹೋದೆ. ನನ್ನ ಕರ್ಚೀಫು ಹಿಂಡಿ ಹಿಂಡಿ ಹಗ್ಗವಾಗಿತ್ತು. ಮಾಸ್ತರು ಓದತೊಡಗಿದರು. ಕುರ್ಚಿ ಹಾಕಿದ್ದರೂ ಕಾಕಾ ಕೂರಲಿಲ್ಲ, ಅಟೆನ್ಶನ್ನಿನಲ್ಲಿ ನಿಂತರು. ನಾಲ್ಕನೆಯ ಸಾಲಿಗೆ ಹಿಂದಿನಿಂದ ಒಬ್ಬ, "ನಾವ್ ಹೇಳಿದ್ದ ಬರದಾರಲ್ಲಪಾ" ಎಂದ. ಒಂದಿಬ್ಬರು ನಕ್ಕರು. ನಾನು ತಲೆ ಎತ್ತಲಿಲ್ಲ. ಎದುರಿಗೆ ಕುಳಿತ ಮಕ್ಕಳ ಕಾಲಿನ ಕೆಂಪು ಕೆಸರನ್ನೇ ನೋಡುತ್ತಿದ್ದೆ. ಮಾಸ್ತರು ನಿಲ್ಲಿಸದೆ ಕೆಳಗಿನದನ್ನೂ ಓದಿದರು: ಹುಕುಂ ಬಂದದ್ದು, ಇಳಿಯುವಾಗ ಗುಂಡು ಬಿದ್ದದ್ದು, ಸತ್ತವನನ್ನು ಹೊತ್ತು ಇಳಿದದ್ದು.

ಓದು ಮುಗಿದರೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮುದುಕಿ ಎದ್ದರು. ಸತ್ತವನ ತಾಯಿ.

"ಎಷ್ಟ ದೂರ ಹೊತ್ತೆಪಾ ಅಂವನ್ನ?"

"ಎರಡು ಹಗಲು, ಚಿಗವ್ವ."

"ಒಮ್ಮೆನೂ ಹೇಳಲಿಲ್ಲಲ್ಲ."

ಮುದುಕಿ ಮುಂದೆ ಬಂದು, ಇನ್ನೂ ನಿಂತೇ ಇದ್ದ ಕಾಕಾನ ತೋಳು ಹಿಡಿದು ಕುರ್ಚಿಯತ್ತ ಜಗ್ಗಿದರು. "ಕುಂಡ್ರು ಇನ್ನ" ಎಂದರು.