ಅಪ್ಪನ ಬೀದಿಯ ನಡಿಗೆ

ಕ್ರಿಯಾವಿಶೇಷಣ ಕಲಿಸುವುದಕ್ಕೆ ಪುಸ್ತಕ ಬೇಡ, ಎರಡು ಕಾಲಿದ್ದರೆ ಸಾಕು ಎಂಬುದು ಆಗಿನ ನನ್ನ ಸಿದ್ಧಾಂತ. ಮೇಷ್ಟ್ರ ತರಬೇತಿ ಮುಗಿಸಿ, ಕೆಲಸದ ಆರ್ಡರಿಗೆ ಕಾಯುತ್ತ, ಗಾವಡಗೆರೆ ಕಡೆಯ ನಮ್ಮೂರಿನ ಮನೆಯ ಜಗಲಿಯಲ್ಲಿ ಸಂಜೆ ಹೊತ್ತು ಮಿಡ್ಲಿಸ್ಕೂಲು ಹುಡುಗರಿಗೆ ಪಾಠ ಹೇಳುತ್ತಿದ್ದೆ. ಪಾಠಕ್ಕಿಂತ ಊರಿನವರನ್ನು ಅಣಕಿಸಿದ್ದೇ ಹೆಚ್ಚು. ಹುಡುಗರು ಬರುತ್ತಿದ್ದುದೂ ಅದಕ್ಕೇ.

"ಡೈರಿ ಸೆಕ್ರೆಟರಿ ಬಂದರು. ಹೇಗೆ ಬಂದರು?" ಎಂದು ಕೇಳಿ, ಹೊಟ್ಟೆ ಮುಂದಿಟ್ಟುಕೊಂಡು ಜಗಲಿಯುದ್ದಕ್ಕೂ ನಡೆಯುತ್ತಿದ್ದೆ.

"ಗತ್ತಾಗಿ ಸಾ."

"ಆರ್ಡರ್ ಸಿಗದ ಮೇಷ್ಟ್ರು ದಿನಾ ಪೋಸ್ಟಾಫೀಸಿಗೆ ಹೋದ. ಹೇಗೆ ಹೋದ?"

"ಸುಮ್ಮನೆ ಸಾ." ಆ ಮೇಷ್ಟ್ರು ಯಾರೆಂದು ಅವರಿಗೆ ಗೊತ್ತಿತ್ತು.

ಆಮೇಲೆ ಬೋರ್ಡಿನ ಮೇಲೆ ಪದಗಳನ್ನು ಬರೆದು ಅವುಗಳ ಬಾಲಗಳನ್ನು ಬಿಡಿಸಿ ತೋರಿಸುತ್ತಿದ್ದೆ. ಗತ್ತಾಗಿ, ಜೋರಾಗಿ. ಸುಮ್ಮನೆ, ಗಕ್ಕನೆ. ಮೆಲ್ಲಗೆ, ತಣ್ಣಗೆ. "ಬಾಲ ಇದ್ದದ್ದೆಲ್ಲ ದನವಲ್ಲ. 'ಮೆಲ್ಲಗೆ' ಎಂದರೆ ಹೇಗೆ ಅಂತ, 'ಮನೆಗೆ' ಎಂದರೆ ಎಲ್ಲಿಗೆ ಅಂತ. ಮೊದಲು ಪ್ರಶ್ನೆ ಕೇಳಿ, ಆಮೇಲೆ ಬಾಲ ಹಿಡೀರಿ."

ಆ ವರ್ಷ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಅಪ್ಪ ಸತ್ತ. ಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಸೌದೆ ಕೊಟ್ಟು ಪಕ್ಕದಲ್ಲಿ ಕೂತವನು ಏಳಲಿಲ್ಲ. ಬಂದವರೆಲ್ಲ "ಎಂಗಾಯ್ತಪ್ಪ" ಎಂದು ಕೇಳಿದರು. ಎಲ್ಲರಿಗೂ ಒಂದೇ ಉತ್ತರವನ್ನು ಒಂದೇ ರಾಗದಲ್ಲಿ, ಕ್ಯಾಸೆಟ್ಟಿನ ಹಾಗೆ ಹೇಳಿದೆ. ಅಳು ಬರಲಿಲ್ಲ. ಊರಿನ ಎಲ್ಲರ ಅಳುವನ್ನೂ ಮಾಡಿ ತೋರಿಸಬಲ್ಲವನಿಗೆ ತನ್ನದು ಯಾವುದೆಂದೇ ತಿಳಿದಿರಲಿಲ್ಲ.

ಅವ್ವ ಮಾತು ಬಿಟ್ಟಳು. ತಿಥಿ ಮುಗಿದು ನೆಂಟರು ಹೋದ ಮೇಲೂ ನಡುಮನೆಯ ಕಂಬಕ್ಕೆ ಒರಗಿ ಕೂತೇ ಇದ್ದಳು. ಮುಂದಿಟ್ಟರೆ ಎರಡು ತುತ್ತು ತಿನ್ನುವಳು, ಇಲ್ಲದಿದ್ದರೆ ಅದೂ ಇಲ್ಲ. ಅಡುಗೆ ನನ್ನದು, ಅದನ್ನು ಬೈಯುವುದಕ್ಕಾದರೂ ಬಾಯಿ ತೆರೆಯಲಿಲ್ಲ. ಎದುರುಮನೆಯ ದೊಡ್ಡವ್ವ ದಿನಾ ಬಂದು "ಒಂದ್ಸಲ ಅತ್ತುಬುಡು ಕಣವ್ವ, ಎದೆ ಅಗುರಾಯ್ತದೆ" ಎನ್ನುವಳು. ಹೊರಗೆ ಬಂದು ನನಗೆ ಬೇರೆ ಹೇಳುವಳು.

"ಇಂಗೇ ಕುಂತಿದ್ರೆ ಇವ್ಳು ಉಳಿಯಾಕಿಲ್ಲ ಕಣ್ಲಾ. ಊರ್ನೆಲ್ಲ ನಗುಸ್ತೀಯಲ್ಲ, ನಿನ್ ಕಪಿಚೇಷ್ಟೆ ಏನಾರ ಮಾಡಿ ಬಾಯ್ ಬುಡ್ಸು."

ಅವ್ವನ ಮುಂದೆ ದೊಡ್ಡವ್ವನನ್ನೇ ಮಾಡಿ ತೋರಿಸಿದೆ. ತಿಥಿಗೆ ಬಂದ ಐನೋರನ್ನು ಅವರ ಮೂಗಿನ ದನಿಯಲ್ಲೇ ಮಾಡಿದೆ. ಅವಳು ನೋಡಿದಳು, ಅಷ್ಟೆ. ಕೈಕಾಲು ತಾವೇ ಆಡುತ್ತಿದ್ದವು. ನಾನು ದೂರದಲ್ಲೆಲ್ಲೋ ಕೂತು ನೋಡುವವನಂತಿದ್ದೆ.

ಹೊತ್ತು ಹೋಗಲೆಂದು ಪಾಠ ಮತ್ತೆ ಶುರುಮಾಡಿದೆ. ಎರಡನೇ ಸಂಜೆಯೋ ಏನೋ, ಆರನೇ ಕ್ಲಾಸಿನ ಒಬ್ಬಳು ಕೇಳಿಯೇಬಿಟ್ಟಳು.

"ಸಾ, ನಿಮ್ಮಪ್ಪಾರು ಬ್ಯಾರನ್ನಿಂದ ಬತ್ತಿದ್ರಲ್ಲ, ಅಂಗೆ ಮಾಡಿ ಸಾ."

ಪಕ್ಕದವನು ಅವಳನ್ನು ಚಿವುಟಿದ. "ಸತ್ತೋರ್ನ ಆಡ್ಕತರೇನೇ?"

"ಆಡ್ಕಳಾಕಲ್ಲ ಕಣೋ, ಪಾಠಕ್ಕೆ."

ಪಾಠಕ್ಕೆ ಎಂದಮೇಲೆ ಮೇಷ್ಟ್ರು ಇಲ್ಲವೆನ್ನುವುದು ಹೇಗೆ? ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡೆ. ಎದೆ ಸೆಟೆಸಿ, ಹಿಮ್ಮಡಿ ಕುಟ್ಟುತ್ತ, ಮಧ್ಯೆ ಒಂದು ಕೆಮ್ಮು ಸೇರಿಸಿ ಜಗಲಿ ದಾಟಿದೆ. ಡೈರಿ ಸೆಕ್ರೆಟರಿಯನ್ನು ಮಾಡಿದಾಗ ಏನನ್ನಿಸುತ್ತಿತ್ತೋ ಈಗಲೂ ಅಷ್ಟೇ ಅನ್ನಿಸಿತು.

"ದಡದಡನೆ ಸಾ," ಎಂದರು ಹುಡುಗರು.

"ಅಂಗಲ್ಲ ಕಣ್ಲಾ."

ಬಾಗಿಲಲ್ಲಿ ಅವ್ವ ನಿಂತಿದ್ದಳು. ಬಹಳ ದಿನ ಮುಚ್ಚಿದ್ದ ಗಂಟಲು, ಮಾತು ಒಡೆದು ಬಂತು. ಹುಡುಗರು ಸರಿದು ದಾರಿ ಬಿಟ್ಟರು.

"ಅದು ಬೀದೀಲಿ. ಜನ ನೋಡೋಗಂಟ ಅಂಗೆ. ಅಟ್ಟಿ ಒಳಕ್ ಬಂದ್ಮೇಲೆ, ನಿನ್ ಕಣ್ಗ್ ಬೀಳ್ದಂಗೆ, ಇಂಗೆ."

ನನ್ನ ಹೆಗಲ ಟವೆಲ್ಲು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು. ಬಲಗೈಯನ್ನು ಗೋಡೆಗೆ ಊರಿದಳು. ಎಡಮಂಡಿ ಬಗ್ಗಲಿಲ್ಲ; ಆ ಕಾಲನ್ನು ಸೊಂಟದಿಂದ ಎತ್ತಿ ಮುಂದಿಡುತ್ತಿದ್ದಳು, ಇಟ್ಟಾಗಲೆಲ್ಲ ಮೂಗಿನಿಂದ ಸಣ್ಣದೊಂದು ಉಸಿರು. ಹೊಸಿಲಿನ ಹತ್ತಿರ ನಿಂತು ಟವೆಲ್ಲಿನಿಂದ ಮುಖ ಒರೆಸಿಕೊಂಡಳು. ಒರೆಸಿದ ಮೇಲೆ ಮುಖದಲ್ಲಿ ನೋವಿರಲಿಲ್ಲ, ನಾನು ದಿನಾ ನೋಡುತ್ತಿದ್ದ ಅಪ್ಪನ ಮುಖವಿತ್ತು. ಬೀದಿಯಾಚೆ ಮೊರ ಹಿಡಿದಿದ್ದ ದೊಡ್ಡವ್ವ ಕೇರುವುದನ್ನು ನಿಲ್ಲಿಸಿದಳು. ಮನೆಯಲ್ಲಿ ಇಂಥ ಕಲಾವಿದೆಯನ್ನಿಟ್ಟುಕೊಂಡು ನಾನು ಊರಿಗೆಲ್ಲ ಮೆರೆದಿದ್ದೆ.

"ಮಂಡಿ ನೋವು. ವರ್ಸವೇ ಆಗಿತ್ತು," ಎಂದಳು ಅವ್ವ.

"ನಂಗೆ ಯಾಕೆ ಯೋಳ್ನಿಲ್ಲ?"

"ಅವ್ನಿಗ್ ಯೋಳ್ಬ್ಯಾಡ, ಗೊತ್ತಾದ್ರೆ ಜಗಲೀಲಿ ಅದ್ನೂ ಮಾಡಿ ತೋರುಸ್ತಾನೆ ಅಂತಿದ್ರು. ಅಂದ್ಬುಟ್ಟು ಅವ್ರೇ ನಗೋರು."

ಅವ್ವನ ತುಟಿ ನಗುವಿಗೆ ಹೋಗಿ, ಅಲ್ಲಿ ನಿಲ್ಲದೆ ನಡುಗಿತು. ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅತ್ತಳು, ಸದ್ದಿಲ್ಲದೆ, ಸುಮಾರು ಹೊತ್ತು. ಹುಡುಗರು ಬಳಪ ನೋಡಿಕೊಂಡು ಕೂತರು. ಆಮೇಲೆ ಆ ಹುಡುಗಿ ಮೆಲ್ಲಗೆ ಕೇಳಿದಳು.

"ಇದ್ಕೆ ಏನಂತ ಬರ್ಕೊಳ್ಳೋದು ಸಾ? ಮೆಲ್ಲಗೆ ಅಂತ್ಲಾ?"

ಬೋರ್ಡಿನ ಕಡೆ ತಿರುಗಿದೆ. ಗೋಡೆಗೆ ಕೈ ಊರಿ ಎಡಗಾಲು ಎತ್ತಿ ನೋಡಿದೆ. ಬರೀ ಕುಂಟಾಟವಾಯಿತು. ಊರಿನಲ್ಲಿ ಯಾರನ್ನೂ ಅಣಕಿಸದೆ ಬಿಡದ ಕಾಲು ಅಲ್ಲೇ ನಿಂತುಬಿಟ್ಟಿತು.

"ಬುಡು, ನಿಂಗ್ ಬರಾಕಿಲ್ಲ," ಎಂದು ಅವ್ವ ಮುಖ ಒರೆಸಿಕೊಂಡು ಒಳಗೆ ಹೋದಳು. ಪಾತ್ರೆಯ ಸದ್ದಾಯಿತು. ಒಲೆಯ ಮುಂದಿನಿಂದಲೇ ಕೂಗಿ ಕೇಳಿದಳು. "ಮುದ್ದೆ ಒಂದ್ ತಿಂತೀಯೇನ್ಲಾ, ಎರಡಾ?"

ಬಾಯಿ ತೆರೆದೆ. ನನ್ನ ದನಿಯೂ ಬರಲಿಲ್ಲ, ಇನ್ನೊಬ್ಬರದೂ ಬರಲಿಲ್ಲ. ಹುಡುಗಿ ನನ್ನ ಮುಖ ನೋಡಿ, ಬಾಗಿಲ ಕಡೆ ತಿರುಗಿ ಹೇಳಿದಳು.

"ಎರಡಂತೆ ಕಣಜ್ಜಿ."